ಎಲ್ಲ ಎರೆಗೂ ಒಂದೇ ಕೋಲು ಸಾಲದು

ಏಳು ಅಡಿಯ, ತುದಿಯಷ್ಟೇ ಬಾಗುವ ‘ಮೀಡಿಯಂ ಹೆವಿ’ (ಸಾಕಷ್ಟು ಬಿಗಿಯಾದ) ಗಾಳದ ಕೋಲೊಂದಿದ್ದರೆ ಬಾಸ್ ಮೀನು ಹಿಡಿಯುವ ಎಲ್ಲ ಕೃತಕ ಎರೆಗಳಿಗೂ ಸಾಕು ಎಂದು ಗಾಳದ ಕೋಲುಗಳ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವುದನ್ನು ಒಪ್ಪಲಾರೆ. ಹುಳುವಿನಾಕಾರದ ಮೆದು ಪ್ಲಾಸ್ಟಿಕ್ ಎರೆಯ ಮಟ್ಟಿಗೆ ಅದು ಸರಿ; ಅಲ್ಲಿ ಒಂದೇ ದಪ್ಪ ಕೊಕ್ಕೆ ಪ್ಲಾಸ್ಟಿಕ್ಕನ್ನು ದಾಟಿ ದವಡೆಗೆ ನಾಟಬೇಕಾದ್ದರಿಂದ ಬಿಗಿಯಾದ ಕೋಲೇ ಬೇಕು. ಆದರೆ ಕ್ರ್ಯಾಂಕ್‌ಬೈಟ್‌ನಲ್ಲಿ, ಅಂದರೆ ದಾರ ಸುತ್ತಿ ಎಳೆದಾಗ ನೀರಿನಲ್ಲಿ ಓಲಾಡುತ್ತ ಬರುವ ಗಟ್ಟಿ ಎರೆಯಲ್ಲಿ, ಇರುವುದು ತೆಳುತಂತಿಯ ಮೂರು ಮೊನೆಯ ಕೊಕ್ಕೆಗಳು. ಅವು ಬಹಳ ಸಲ ತುಟಿಯ ಅಂಚಿನಲ್ಲಷ್ಟೇ ಸಿಕ್ಕಿಕೊಂಡಿರುತ್ತವೆ.

ಅಮೆರಿಕದ ಟೆಕ್ಸಸ್‌ನ ಲೇಕ್ ಫೋರ್ಕ್ ಜಲಾಶಯದಲ್ಲಿ ಲೇಖಕರು ಹೇಳುವಂಥ ಗ್ರಾಫೈಟ್ ಕೋಲಿನಿಂದಲೇ ನಾನು ಕ್ರ್ಯಾಂಕ್‌ಬೈಟ್ ಎಸೆಯುತ್ತಿದ್ದೆ. ದೋಣಿಯ ಪಕ್ಕದಲ್ಲೇ ಮೀನು ನೀರಿನಿಂದ ಮೇಲೆದ್ದು ಬಾಯಗಲಿಸಿ ತಲೆ ಕೊಡವಿದಾಗ ಕೋಲು ಬಾಗಿಕೊಡದೆ, ಕೊಕ್ಕೆ ಕಿತ್ತು ಬಂದು ಎರೆ ನನ್ನ ಮೊಣಕಾಲಿಗೆ ಬಡಿಯಿತು. ಒಂದೇ ಬೆಳಗ್ಗೆ ಮೂರು ಮೀನು ಹೀಗೆ ಹೋದವು. ನಡುವಿನವರೆಗೂ ಬಾಗುವ ಫೈಬರ್‌ಗ್ಲಾಸ್ ಕೋಲಿಗೆ ಬದಲಾಯಿಸಿದ ಮೇಲೆ ಆ ನಷ್ಟ ಬಹಳ ಕಡಿಮೆಯಾಯಿತು. ಆ ಬಾಗು ಮೀನಿನ ಜಗ್ಗಾಟವನ್ನು ತಾಳಿಕೊಳ್ಳುವುದಲ್ಲದೆ, ನಾವು ಆತುರದಿಂದ ಎಳೆಯುವ ಮುನ್ನ ಎರೆಯನ್ನು ಪೂರ್ತಿ ಬಾಯಿಗೆ ತೆಗೆದುಕೊಳ್ಳಲು ಮೀನಿಗೆ ಅರೆಕ್ಷಣ ಕೊಡುತ್ತದೆ.

ತಾವರೆ ಎಲೆಗಳ ಮೇಲೆ ಕಪ್ಪೆಯಾಕಾರದ ಎರೆ ಆಡಿಸುವವರಿಗೆ ಲೇಖಕರ ಕೋಲು ಮೆದುವೇ ಆಗುತ್ತದೆ, ಅಲ್ಲಿ ಇನ್ನೂ ಬಿಗಿಯಾದ ‘ಹೆವಿ’ ಕೋಲೂ 50 ಪೌಂಡಿನ ಸೆಳೆತ ತಾಳುವ ಹೆಣೆದ ದಾರವೂ ಬೇಕು. ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಎರೆಯ ತೂಕದ ಮಿತಿ, ಉದಾಹರಣೆಗೆ ಕಾಲು ಔನ್ಸಿನಿಂದ ಮುಕ್ಕಾಲು ಔನ್ಸ್ ಎಂದು, ಅಚ್ಚಾಗಿರುತ್ತದೆ. ಹೊಸಬರು ಕೊಳ್ಳುವ ಮೊದಲು ಅದನ್ನು ಓದಲಿ ಎಂದಾದರೂ ಲೇಖನದಲ್ಲಿ ಸೇರಿಸಬೇಕೆಂದು ಕೋರುತ್ತೇನೆ.