ಗುರಿ ತಪ್ಪಿದರೂ ಒಂದು ಪಾಯಿಂಟಾ?

ಮೆಲ್ಬರ್ನ್‌ಗೆ ಹೊಸದಾಗಿ ಬಂದ ನಮ್ಮವರಿಗೆ ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ತೋರಿಸಿದರೆ ಬರುವ ಮೊದಲ ತಕರಾರು ಇದೇ: "ಗೋಲ್ ತಪ್ಪಿದ್ರೂ ಪಾಯಿಂಟ್ ಕೊಡ್ತಾರಾ? ಇದೆಂಥ ಆಟ ಮಾರಾಯ್ರೇ!" ಪ್ಯಾಡಿಗೆ ತಾಗಿದ ಚೆಂಡಿಗೂ ಓಡಿ ಲೆಗ್ ಬೈ ತಗೊಳ್ಳುವ ಆಟ ನೋಡಿ ಬೆಳೆದವರು ಹೀಗೆ ಕೇಳೋದು ಸ್ವಲ್ಪ ಜಾಸ್ತಿಯಾಯಿತು ಅಲ್ವಾ?

ಲೆಕ್ಕ ಸುಲಭ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದ ಚೆಂಡು ಯಾರಿಗೂ ತಾಗದೆ ಹೋದರೆ ಗೋಲ್, 6 ಪಾಯಿಂಟ್. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ನಡುವೆಯೇ ಹೋದರೂ ದಾರಿಯಲ್ಲಿ ಎದುರಾಳಿಯ ಬೆರಳು ಸೋಕಿದ್ದರೆ ಅದೂ ಬಿಹೈಂಡೇ. ಅಂಪೈರ್ ಎರಡು ಬೆರಳು ತೋರಿಸಿದರೆ ಆರು, ಒಂದು ತೋರಿಸಿದರೆ ಒಂದು. (ಎರಡು ಬೆರಳಿಗೆ ಆರು ಹೇಗೆ ಅಂತ ನನ್ನನ್ನು ಕೇಳಬೇಡಿ.)

ಬೋರ್ಡಿನಲ್ಲಿ 12.18 (90) ಅಂತಿದ್ದರೆ ಅದು ದಶಮಾಂಶ ಅಲ್ಲ. 12 ಗೋಲ್, 18 ಬಿಹೈಂಡ್, ಒಟ್ಟು 90. 2023ರಲ್ಲಿ ಫೂಟಿಯ ದೊಡ್ಡ ಲೀಗ್ AFLನ ಗ್ರ್ಯಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್ ತಂಡ ಗಳಿಸಿದ್ದು ಇಷ್ಟು. ಬ್ರಿಸ್ಬೇನ್ 13.8 (86). ಒಂದು ಗೋಲ್ ಜಾಸ್ತಿ ಹೊಡೆದವರೇ ಸೋತರು!

ಅನ್ಯಾಯ ಅಂತೀರಾ? ನನಗೆ ಹಾಗನಿಸಲ್ಲ. ಗುರಿ ತಪ್ಪಬೇಕಾದರೂ ಚೆಂಡು ಅಷ್ಟು ಸಲ ಅಲ್ಲಿಯವರೆಗೆ ಹೋಗಬೇಕು. ಆ ಪಾಯಿಂಟ್ ಪುಕ್ಕಟೆಯೂ ಅಲ್ಲ. ಗೋಲ್ ಆದರೆ ಚೆಂಡು ಮತ್ತೆ ನಡುಮೈದಾನಕ್ಕೆ ಬರುತ್ತದೆ, ಎರಡೂ ತಂಡಕ್ಕೆ ಸಮ ಅವಕಾಶ. ಬಿಹೈಂಡ್ ಆದರೆ ಚೆಂಡು ಸೀದಾ ಎದುರಾಳಿಗೆ.

ಇದರ ಬೆಲೆ ತಿಳಿಯಬೇಕಾದರೆ 2008ರ ಫೈನಲ್ ನೋಡಿ. ಹಾಥಾರ್ನ್ ಆಟಗಾರರು ಒತ್ತಡ ಬಿದ್ದಾಗ ತಾವೇ ಚೆಂಡನ್ನು ತಾವು ಕಾಯುವ ಕಂಬಗಳ ಗೆರೆ ದಾಟಿಸಿ ಜಿಲಾಂಗ್‌ಗೆ 11 ಪಾಯಿಂಟ್ ಬಿಟ್ಟುಕೊಟ್ಟರು. ಪ್ರತಿ ಸಲವೂ ಚೆಂಡು ತಮಗೇ ಸಿಗುತ್ತದಲ್ಲ! ಜಿಲಾಂಗ್ 11.23 (89), ಹಾಥಾರ್ನ್ 18.7 (115). ಮರುವರ್ಷ, ಬೇಕಂತಲೇ ಹಾಗೆ ಮಾಡಿದರೆ ಎದುರಾಳಿಗೆ ಫ್ರೀ ಕಿಕ್ ಅನ್ನುವ ನಿಯಮವೇ ಬಂತು.

"ಸುಮ್ನೆ ಗೋಲ್ ಮಾತ್ರ ಎಣಿಸಿದ್ರಾಯ್ತು" ಅನ್ನುವವರಿಗೆ: 1897ಕ್ಕೆ ಮುಂಚೆ ಗೆಲುವು ಸೋಲು ಹಾಗೇ ತೀರ್ಮಾನವಾಗುತ್ತಿತ್ತು. ಆಮೇಲೆ ಬಿಹೈಂಡೂ ಲೆಕ್ಕಕ್ಕೆ ಬಂತು. ಸೇಂಟ್ ಕಿಲ್ಡಾ ಇವತ್ತಿನವರೆಗೆ ಗೆದ್ದಿರುವ ಒಂದೇ ಒಂದು ಪ್ರೀಮಿಯರ್‌ಶಿಪ್ (ಲೀಗಿನ ಚಾಂಪಿಯನ್ ಪಟ್ಟ) 1966ರದ್ದು. ಅವರದು 10.14 (74), ಕಾಲಿಂಗ್‌ವುಡ್‌ನದು 10.13 (73). ಕೊನೆಯಲ್ಲಿ ಬ್ಯಾರಿ ಬ್ರೀನ್ ಕಾಲಿನಿಂದ ಬಂದ ಒಂದು ಬಿಹೈಂಡ್ ಕಪ್ ತಂದುಕೊಟ್ಟಿತು. ತಪ್ಪಿದ್ದಕ್ಕೆ ಪಾಯಿಂಟ್ ಯಾಕೆ ಅಂತ ಆ ಕ್ಲಬ್ಬಿನ ಅಭಿಮಾನಿಗಳನ್ನೇ ಒಮ್ಮೆ ಕೇಳಿ ನೋಡಿ.