ಗಾವೊ ಶುನ್‌ನನ್ನು ಮಾತ್ರ ಕೊಡಬೇಡ

ನಿನ್ನೆ ರಾತ್ರಿ ಊಟವಾದ ಮೇಲೆ ತಮ್ಮನ ಮಗ ಸೋಫಾದಲ್ಲಿ ಕಾಲು ಚಾಚಿಕೊಂಡು ಮೊಬೈಲಿನಲ್ಲಿ ಆಡುತ್ತಿದ್ದ. ಇಣುಕಿದರೆ ಚೀನಾದ ಮೂರು ರಾಜ್ಯಗಳ ಕಾಲದ ಯುದ್ಧದಾಟ. ಈ ವಿಷಯದಲ್ಲಿ ನನಗಿರುವ ಹುಚ್ಚು ನಿಮಗೆ ಗೊತ್ತಿದ್ದದ್ದೇ. ನಿವೃತ್ತರಾದ ಮೇಲೆ ಎಲ್ಲರೂ ಕಾಶಿಗೆ ಹೋದರೆ ಇವಳು ಹಾನ್ ಸಾಮ್ರಾಜ್ಯಕ್ಕೆ ಹೋದಳು ಎಂದು ಇಲ್ಲೇ ಬರೆದು ನಕ್ಕವರು ನೀವು. ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕುಳಿತೆ.

"ಇವನು ಯಾರೋ ಗಾವೊ ಶುನ್ ಎಂಬವನು ಸಿಕ್ಕಿದ್ದಾನೆ ಅತ್ತೆ. ಎರಡೇ ನಕ್ಷತ್ರ, ದಂಡ. ಲ್ಯು ಬುವಿಗೆ ತಿನ್ನಿಸಿಬಿಡುತ್ತೇನೆ, ಅವನ ಶಕ್ತಿಯಾದರೂ ಏರುತ್ತದೆ" ಎಂದ.

ತಿನ್ನಿಸುವುದಂತೆ! ಸಣ್ಣ ಕಾರ್ಡುಗಳನ್ನು ದೊಡ್ಡ ಕಾರ್ಡಿನ ಹೊಟ್ಟೆಗೆ ಹಾಕಿದರೆ ದೊಡ್ಡದು ಇನ್ನೂ ದೊಡ್ಡದಾಗುತ್ತದೆ, ಆಟದ ನಿಯಮವೇ ಹಾಗೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವರಿಗೇನು ಇತಿಹಾಸ ಗೊತ್ತು ಎಂದು ನಾವು ಬೈಯುತ್ತೇವೆ. ಆದರೆ ಸಾವಿರದ ಎಂಟುನೂರು ವರ್ಷಗಳ ಹಿಂದೆ ಆ ಮನುಷ್ಯನಿಗೆ ಆದದ್ದು ಅಕ್ಷರಶಃ ಅದೇ.

"ಅವನೊಬ್ಬನನ್ನು ಬಿಟ್ಟು ಯಾರನ್ನಾದರೂ ಕೊಡು" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಅಡುಗೆಮನೆಯಿಂದ ನಾದಿನಿ ಹಣಕಿದಳು.

ಗಾವೊ ಶುನ್ ದೊಡ್ಡ ಸೇನಾಪತಿಯಲ್ಲ. ಹುಟ್ಟಿದ ಊರು, ವರ್ಷ ಯಾವುದೂ ದಾಖಲಾಗಿಲ್ಲ. ಚೆನ್ ಶೋ ಬರೆದ ಅಧಿಕೃತ ಇತಿಹಾಸದಲ್ಲಿ ಅವನಿಗೆಂದು ಒಂದು ಅಧ್ಯಾಯವಿಲ್ಲ, ಒಡೆಯನ ಅಧ್ಯಾಯದಲ್ಲಿ ಅಲ್ಲಲ್ಲಿ ತಲೆ ಹಾಕಿ ಹೋಗುತ್ತಾನೆ. 429ರಲ್ಲಿ ಪೇ ಸೊಂಗ್‌ಝಿ ಎಂಬ ವಿದ್ವಾಂಸ ಹಳೆಯ ಬರಹಗಳನ್ನೆಲ್ಲ ಹೆಕ್ಕಿ ಆ ಇತಿಹಾಸಕ್ಕೆ ಟಿಪ್ಪಣಿ ಸೇರಿಸದೆ ಹೋಗಿದ್ದರೆ ಇವನ ಬಗ್ಗೆ ನಮಗೆ ಇಷ್ಟೂ ತಿಳಿಯುತ್ತಿರಲಿಲ್ಲ.

ಆ ಟಿಪ್ಪಣಿಯಲ್ಲಿರುವುದು ನಾಲ್ಕೇ ಸಾಲು. ಶುದ್ಧಹಸ್ತ, ಗಂಭೀರ, ಕುಡಿಯುತ್ತಿರಲಿಲ್ಲ, ಯಾರಿಂದಲೂ ಉಡುಗೊರೆ ಮುಟ್ಟುತ್ತಿರಲಿಲ್ಲ. ಅವನ ಕೈಕೆಳಗೆ 700ಕ್ಕೆ ಸ್ವಲ್ಪ ಮೇಲ್ಪಟ್ಟು ಸೈನಿಕರು. 1000 ಎಂದು ಹೇಳಿಕೊಳ್ಳುತ್ತಿದ್ದರು. (ಆ ಕಾಲದ ಸೇನಾಧಿಪತಿಗಳು ಹತ್ತನ್ನು ನೂರು ಮಾಡುತ್ತಿದ್ದುದನ್ನು ನೋಡಿದರೆ ಇದು ಹೆಚ್ಚುಕಡಿಮೆ ಸತ್ಯವಾಕ್ಯ.) ಕವಚ, ಆಯುಧ ಎಲ್ಲ ಅಚ್ಚುಕಟ್ಟು. ನುಗ್ಗಿದರೆ ಮುರಿಯದ ಶತ್ರುಪಡೆ ಇರಲಿಲ್ಲ. ಅದಕ್ಕೇ ಅದರ ಹೆಸರು ವ್ಯೂಹ ಮುರಿಯುವ ಪಡೆ.

ಇಂಥವನ ಒಡೆಯ ಯಾರು? ಲ್ಯು ಬು. ಆಟದಲ್ಲಿ ಐದು ನಕ್ಷತ್ರ, ತಲೆಯ ಮೇಲೆ ಎರಡು ಉದ್ದನೆಯ ಗರಿ, ಕೈಯಲ್ಲಿ ಭರ್ಜಿ. 189ರಲ್ಲಿ ತನ್ನನ್ನು ಆಪ್ತನಂತೆ ಇಟ್ಟುಕೊಂಡಿದ್ದ ಒಡೆಯ ದಿಂಗ್ ಯುವಾನ್‌ನನ್ನು ಕೊಂದ, 192ರಲ್ಲಿ ತಂದೆಯೆಂದು ಒಪ್ಪಿಕೊಂಡಿದ್ದ ದೊಂಗ್ ಝುವೊನನ್ನು ಕೊಂದ, 196ರಲ್ಲಿ ಆಶ್ರಯ ಕೊಟ್ಟ ಲಿಯು ಬೇಯ ಪ್ರಾಂತ್ಯವನ್ನೇ ಕಬಳಿಸಿ ಶಿಯಾಪಿ ಕೋಟೆಯಲ್ಲಿ ಕುಳಿತ. ಚಕ್ರವರ್ತಿ ಹದಿಹರೆಯದ ಹುಡುಗ, ಸಾಮ್ರಾಜ್ಯ ಹೆಸರಿಗಷ್ಟೇ; ಯಾರ ಬಳಿ ಕುದುರೆ ಇದೆಯೋ ಅವರದೇ ಕಾನೂನು.

ಈಗ ಆ ರಾತ್ರಿಯ ಕತೆ ಹೇಳುತ್ತೇನೆ. ಎಷ್ಟನೆಯ ಸಲವೋ, ಸಹಿಸಿಕೊಳ್ಳಿ.

196ರ ಆರನೆಯ ತಿಂಗಳು, ನಡುರಾತ್ರಿ. ಹಾವೊ ಮೆಂಗ್ ಎಂಬ ದಳಪತಿ ದಂಗೆಯೆದ್ದು ಲ್ಯು ಬುವಿನ ನಿವಾಸಕ್ಕೆ ಮುತ್ತಿಗೆ ಹಾಕಿದ. ದಾಳಿ ಮಾಡಿದವರು ಯಾರೆಂದೇ ಲ್ಯು ಬುವಿಗೆ ಗೊತ್ತಾಗಲಿಲ್ಲ. ಐದು ನಕ್ಷತ್ರದ ಮಹಾವೀರ ಆಗ ಮಾಡಿದ್ದೇನು? ಹೆಂಡತಿಯ ಕೈ ಹಿಡಿದುಕೊಂಡು, ಕೆದರಿದ ತಲೆ, ಅರೆಬರೆ ಬಟ್ಟೆಯಲ್ಲಿ, ಪಾಯಖಾನೆಯ ಗೋಡೆ ಕೆಡವಿ ಹೊರಬಿದ್ದ. ನಾನು ಸೇರಿಸಿದ್ದಲ್ಲ, ಹಾಗೆಯೇ ದಾಖಲಾಗಿದೆ. ಓಡಿದ್ದು ಎಲ್ಲಿಗೆ? ಗಾವೊ ಶುನ್‌ನ ಶಿಬಿರಕ್ಕೆ. ನಡುರಾತ್ರಿಯಲ್ಲಿ, ಆ ಅವಸ್ಥೆಯಲ್ಲಿ, ಎರಡನೆಯ ಯೋಚನೆಯಿಲ್ಲದೆ ಯಾರ ಬಾಗಿಲು ತಳ್ಳಿಕೊಂಡು ಒಳಗೆ ಹೋಗಬಹುದು ಎಂದು ಅವನ ಕಾಲಿಗೆ ಗೊತ್ತಿತ್ತು. ತಲೆಗೆ ಗೊತ್ತಿರಲಿಲ್ಲ, ಅಷ್ಟೇ.

ಏನಾದರೂ ಸುಳಿವಿದೆಯೇ ಎಂದು ಗಾವೊ ಶುನ್ ಕೇಳಿದ. ಹೆನೇ ಸೀಮೆಯವರ ಮಾತಿನ ದನಿ ಕೇಳಿಸಿತು ಎಂದ ಲ್ಯು ಬು. ಹಾಗಾದರೆ ಅದು ಹಾವೊ ಮೆಂಗ್ ಎಂದ ಇವನು. ಪಡೆ ಸಜ್ಜುಗೊಳಿಸಿ ನುಗ್ಗಿ ಬಾಣಗಳ ಮಳೆ ಸುರಿಸಿದ. ದಂಗೆಕೋರರು ಚದುರಿ, ಬೆಳಗಾಗುವಾಗ ತಮ್ಮ ಬಿಡಾರಕ್ಕೆ ಓಡಿದರು. ಅಲ್ಲಿ ಹಾವೊ ಮೆಂಗ್‌ನ ಕೈಕೆಳಗಿನ ತ್ಸಾವೊ ಶಿಂಗ್ ಎಂಬವನೇ ಅವನ ಮೇಲೆ ತಿರುಗಿಬಿದ್ದು, ತಾನೂ ಗಾಯಗೊಂಡು, ಅವನ ಒಂದು ತೋಳು ಕಡಿದ. ತಲೆ ಕಡಿದದ್ದು ಗಾವೊ ಶುನ್. ಗಾಯಾಳುವನ್ನು ಮಂಚದ ಮೇಲೆ ಹೊರಿಸಿಕೊಂಡು ಒಡೆಯನ ಬಳಿಗೆ ಕಳಿಸಿದವನೂ ಅವನೇ.

ಇನ್ನು ಬಹುಮಾನ ಸಮಾರಂಭ. ಪಿತೂರಿಯಲ್ಲಿ ಮಂತ್ರಾಲೋಚಕ ಚೆನ್ ಗೊಂಗ್ ಕೂಡ ಇದ್ದ ಎಂದು ತ್ಸಾವೊ ಶಿಂಗ್ ಬಾಯಿಬಿಟ್ಟ. ಚೆನ್ ಗೊಂಗ್ ಅಲ್ಲೇ ಕುಳಿತಿದ್ದ, ಮುಖ ಕೆಂಪೇರಿದ್ದನ್ನು ಸುತ್ತಲಿದ್ದವರೆಲ್ಲ ನೋಡಿದರು. ದೊಡ್ಡ ಮನುಷ್ಯ ಎಂದು ಲ್ಯು ಬು ಕೇಳಲೇ ಇಲ್ಲ. ತ್ಸಾವೊ ಶಿಂಗ್‌ನಿಗೆ ಹಾವೊ ಮೆಂಗ್‌ನ ಪಡೆ ಸಿಕ್ಕಿತು. ಗಾವೊ ಶುನ್‌ನಿಗೆ? ಆ ದಂಗೆಯ ನಂತರ ಲ್ಯು ಬು ಅವನನ್ನು ಇನ್ನಷ್ಟು ದೂರ ಇಟ್ಟ. ಅವನ ಸೈನಿಕರನ್ನೆಲ್ಲ ಕಿತ್ತು ವೇ ಶು ಎಂಬವನಿಗೆ ಕೊಟ್ಟ. ವೇ ಶುವಿನ ಅರ್ಹತೆ? ನೆಂಟ. ಅಷ್ಟೇ.

ಇಲ್ಲಿಗೆ ಮುಗಿದಿದ್ದರೆ ಹೋಗಲಿ ಎನ್ನಬಹುದಿತ್ತು. ಯುದ್ಧ ಬಂತೆಂದರೆ ಆ ಸೈನಿಕರನ್ನು ನಡೆಸಲು ಮತ್ತೆ ಗಾವೊ ಶುನ್‌ನೇ ಬೇಕು! ಶಾಂತಿಯ ಕಾಲದಲ್ಲಿ ಪಡೆ ನೆಂಟನದು, ಸಾಯುವ ದಿನ ಬಂದಾಗ ಇವನದು. 198ರಲ್ಲಿ ಲಿಯು ಬೇಯ ಮೇಲೆ ಹೋದವನು ಇವನೇ. ಅವನ ಸಹಾಯಕ್ಕೆ ಬಂದ ಶಿಯಾಹೊ ದುನ್‌ನನ್ನು ಸೋಲಿಸಿದವನು ಇವನೇ. ಲಿಯು ಬೇಯ ಹೆಂಡತಿ ಮಕ್ಕಳನ್ನು ಸೆರೆಹಿಡಿದು ಕಳಿಸಿದವನೂ ಇವನೇ.

ಮತ್ತು ಆ ಟಿಪ್ಪಣಿಯ ಕೊನೆಯ ಸಾಲು, ನನ್ನ ಮೈ ಉರಿಸುವ ಸಾಲು: ಇಷ್ಟಾದರೂ ಗಾವೊ ಶುನ್‌ನ ಮನಸ್ಸಿನಲ್ಲಿ ಕೊನೆಯವರೆಗೂ ಕಹಿ ಇರಲಿಲ್ಲ.

ಯಾರು ಹೇಳಿದರು? ಯಾರು ಹೋಗಿ ಕೇಳಿದರು?

ಕ್ಷಮಿಸಿ, ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಮೇಲಧಿಕಾರಿಯೊಬ್ಬರು ಶಾಲು ಹೊದೆಸಿ ಹೇಳಿದ ಮಾತು: "ಮೇಡಂ ಒಂದು ದಿನವೂ ಗೊಣಗಿದವರಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ, ಕೈಯಲ್ಲಿ ಹೂವಿನ ಹಾರ ಇತ್ತಲ್ಲ. ಹನ್ನೊಂದು ವರ್ಷ ನಾನು ಕಟ್ಟಿದ ವಿಭಾಗವನ್ನು ಯಾರದೋ ಕಡೆಯವರಿಗೆ ಒಪ್ಪಿಸಿ ನನ್ನನ್ನು ಮೂಲೆಯ ಮೇಜಿಗೆ ಕಳಿಸಿದ್ದರು. ಮಾರ್ಚ್ ಕೊನೆಯ ವಾರ ಲೆಕ್ಕ ತಾಳೆಯಾಗದಿದ್ದಾಗ ಮಾತ್ರ ಲೆಡ್ಜರುಗಳು ಮೂಲೆಗೆ ಬರುತ್ತಿದ್ದವು, ಜೊತೆಗೆ ಒಂದು ಲೋಟ ಕಾಫಿ. ಗೊಣಗಲಿಲ್ಲ, ನಿಜ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಎಷ್ಟು ಜನರಿಗೆ ಎಷ್ಟು ಶಾಪ ಹಾಕಿದ್ದೇನೆ ಎಂಬ ಲೆಕ್ಕ ಇಟ್ಟಿದ್ದರೆ ಅದಕ್ಕೇ ಇನ್ನೊಂದು ಲೆಡ್ಜರ್ ಬೇಕಾಗುತ್ತಿತ್ತು. ಹಾಗಾಗಿ ಕಹಿ ಇರಲಿಲ್ಲ ಎಂದು ಬೇರೆಯವರು ಬರೆದ ವಾಕ್ಯವನ್ನು ನಾನು ನಂಬುವುದಿಲ್ಲ. ಕಿತ್ತುಕೊಂಡವರಿಗೆ ರಾತ್ರಿ ನಿದ್ದೆ ಬರಲಿ ಎಂದು ಬರೆಯುವ ವಾಕ್ಯ ಅದು.

ಅವನು ಬಾಯಿಲ್ಲದವನೂ ಆಗಿರಲಿಲ್ಲ. ಒಡೆಯನ ಮುಖಕ್ಕೇ ಹೇಳಿದ್ದ: ಮನೆ ಮುರಿದು ರಾಜ್ಯ ಹೋಗುವುದು ನಿಷ್ಠರು, ಬುದ್ಧಿವಂತರು ಇಲ್ಲದೆ ಅಲ್ಲ, ಇದ್ದವರನ್ನು ಬಳಸಿಕೊಳ್ಳದೆ. ನೀವು ಯೋಚಿಸದೆ ಕೈಹಾಕುತ್ತೀರಿ, ಆಮೇಲೆ ತಪ್ಪಾಯಿತು ಎನ್ನುತ್ತೀರಿ, ಆ ತಪ್ಪುಗಳನ್ನು ಎಣಿಸಲಾಗದು. ಹೀಗೆ ಹೇಳಿದವನ ಮನಸ್ಸಿನಲ್ಲಿ ಕಹಿ ಇರಲಿಲ್ಲವಂತೆ!

ಕಾಮೆಂಟಿನಲ್ಲಿ ಯಾರು ಏನು ಬರೆಯುತ್ತೀರಿ ಎಂದು ನನಗೆ ಗೊತ್ತು. ಅಷ್ಟು ಕಷ್ಟವಿದ್ದರೆ ಬಿಟ್ಟು ಹೋಗಬಹುದಿತ್ತು; ಜೊತೆಗಿದ್ದ ಝಾಂಗ್ ಲಿಯಾವೊ, ಲ್ಯು ಬುವನ್ನು ಕೊನೆಗೆ ಸೋಲಿಸಿದ ಸೇನಾಧಿಪತಿ ತ್ಸಾವೊ ತ್ಸಾವೊನಿಗೆ ಶರಣಾಗಿ, 215ರಲ್ಲಿ ಹೆಫೇಯಲ್ಲಿ 800 ಜನರನ್ನು ಕಟ್ಟಿಕೊಂಡು ದಕ್ಷಿಣದ ದೊರೆ ಸುನ್ ಚುವಾನ್‌ನ ಮಹಾಸೈನ್ಯವನ್ನು ಅಲ್ಲಾಡಿಸಿ ಹೆಸರು ಮಾಡಲಿಲ್ಲವೇ? ಮಾಡಿದ, ಒಪ್ಪುತ್ತೇನೆ. ಆದರೆ ಕಿತ್ತುಕೊಂಡವನನ್ನು ಬಿಟ್ಟು, ಕಳೆದುಕೊಂಡವನನ್ನೇ ಯಾಕೆ ಹೋಗಲಿಲ್ಲ ಎಂದು ವಿಚಾರಣೆಗೆ ಎಳೆಯುವ ನಿಮ್ಮ ನ್ಯಾಯ ನನಗೆ ಬೇಡ. ಕರ್ಣನನ್ನೂ ದಯವಿಟ್ಟು ತರಬೇಡಿ. ಕರ್ಣನಿಗೆ ದುರ್ಯೋಧನ ಅಂಗರಾಜ್ಯ ಕೊಟ್ಟಿದ್ದ. ಇವನಿಗೆ ಒಡೆಯ ಏನು ಕೊಟ್ಟ? ಇದ್ದ 700 ಮಂದಿಯನ್ನೂ ಕಿತ್ತುಕೊಂಡ.

ಕೊನೆ ಬೇಗ ಹೇಳುತ್ತೇನೆ, ಹೊಟ್ಟೆ ಉರಿಯುತ್ತದೆ. ತ್ಸಾವೊ ತ್ಸಾವೊ ಶಿಯಾಪಿಯನ್ನು ಮುತ್ತಿದ. ಕೋಟೆಯನ್ನು ಚೆನ್ ಗೊಂಗ್ ಮತ್ತು ಗಾವೊ ಶುನ್‌ಗೆ ಬಿಟ್ಟು ತಾನು ಹೊರಗೆ ಹೋಗಿ ಶತ್ರುವಿನ ದವಸದ ದಾರಿ ಕಡಿಯಬೇಕೆಂದು ಲ್ಯು ಬು ಯೋಚಿಸಿದ. ಅವರಿಬ್ಬರಿಗೂ ಆಗಿಬರುವುದಿಲ್ಲ ಎಂದಳು ಹೆಂಡತಿ. ಅಲ್ಲಿಗೆ ಆ ಉಪಾಯ ಬಿತ್ತು. ಎರಡು ನದಿಗಳ ನೀರು ಕೋಟೆಗೆ ನುಗ್ಗಿತು. ಮೂರು ತಿಂಗಳಾಗುವಾಗ ಲ್ಯು ಬುವಿನ ದಳಪತಿಗಳು ಚೆನ್ ಗೊಂಗ್‌ನನ್ನೂ ಗಾವೊ ಶುನ್‌ನನ್ನೂ ಹಿಡಿದು ಶತ್ರುವಿಗೆ ಒಪ್ಪಿಸಿ ಶರಣಾದರು. ಆ ದಳಪತಿಗಳಲ್ಲಿ ಒಬ್ಬನ ಹೆಸರು ವೇ ಶು.

ಹೌದು, ನೆಂಟ.

ಸೆರೆಸಿಕ್ಕ ಲ್ಯು ಬು ಹಗ್ಗ ಬಿಗಿಯಾಯಿತು, ಸಡಿಲಿಸಿ ಎಂದು ಗೋಗರೆದ. ಹುಲಿಯನ್ನು ಕಟ್ಟುವಾಗ ಬಿಗಿಯಾಗಿಯೇ ಕಟ್ಟಬೇಕು ಎಂದ ತ್ಸಾವೊ ತ್ಸಾವೊ. ಚೆನ್ ಗೊಂಗ್ ತಾಯಿಯ ಬಗ್ಗೆ ಹೇಳಿದ ಮಾತೂ ದಾಖಲಾಗಿದೆ. ಗಾವೊ ಶುನ್‌ನ ಒಂದು ಮಾತೂ ಇಲ್ಲ. ಮೂವರ ತಲೆಗಳೂ ರಾಜಧಾನಿಗೆ ಹೋದವು. 199ರ ಆರಂಭ.

ಇಷ್ಟನ್ನೂ ನಿನ್ನೆ ರಾತ್ರಿ ಹುಡುಗನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಪಾಪ, ಪೂರ್ತಿ ಕೇಳಿದ. ಆಮೇಲೆ ಬೆರಳಿನಿಂದ ಕಾರ್ಡುಗಳನ್ನು ಮೇಲೆ ಕೆಳಗೆ ಸರಿಸುತ್ತಾ ಹೋಗಿ, "ಅತ್ತೆ, ವೇ ಶು ಕೂಡ ಇದ್ದಾನೆ, ಒಂದೇ ನಕ್ಷತ್ರ" ಎಂದು ಮೊಬೈಲನ್ನು ನನ್ನ ಮುಂದೆ ಹಿಡಿದ. ಖಚಿತವೇ ಎಂದು ಆಟ ಎರಡು ಸಲ ಕೇಳಿತು. ಎರಡು ಸಲವೂ ನಾನೇ ಒತ್ತಿದೆ.