ಚೀನಾ ಸಿಂಬಲ್ ಕ್ರ್ಯಾಶ್‌ಗೆ ಬದಲಿಯಲ್ಲ

ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳಾದ ಸಿಂಬಲ್‌ಗಳ ಬಗೆಗಿನ ಒಂದು ಲೇಖನವು, ಚೀನಾ ಸಿಂಬಲ್ ಎಂದರೆ ಸ್ವಲ್ಪ ಗಡುಸಾದ ಕ್ರ್ಯಾಶ್ (ಜೋರು ಪೆಟ್ಟಿಗೆ ಬಳಸುವ ಸಿಂಬಲ್) ಅಷ್ಟೇ ಎನ್ನುತ್ತದೆ; ಆ ಮಾತನ್ನು ನಾನು ಒಪ್ಪಲಾರೆ. ಚೀನಾದ ಅಂಚು ಹಿಮ್ಮುಖವಾಗಿ ಬಾಗಿರುವುದರಿಂದ ನಾದವು ಒರಟಾಗಿ, ಥಟ್ಟನೆ ಸಿಡಿದು, ಕ್ರ್ಯಾಶ್‌ನಂತೆ ಉದ್ದಕ್ಕೆ ಹರಡದೆ ಬೇಗನೆ ಅಡಗುತ್ತದೆ. ಕಿವಿಗೆ ಅದು ಗುಡಿಯ ಜಾಗಟೆಗೇ ಹೆಚ್ಚು ಹತ್ತಿರ.

ದಾವಣಗೆರೆಯ ನಮ್ಮ ವಾದ್ಯವೃಂದದಲ್ಲಿ 18 ಇಂಚಿನ ಚೀನಾವನ್ನು ನಾನು ಮೊದಲು ಉಳಿದ ಸಿಂಬಲ್‌ಗಳಂತೆ ನಡುವಿನ ಉಬ್ಬಾದ ಗುಬ್ಬಿಯನ್ನು ಮೇಲೆ ಮಾಡಿಯೇ ಕೂರಿಸಿದ್ದೆ. ಮೇಲಕ್ಕೆದ್ದ ಅಂಚಿಗೆ ತಗುಲಿ ಕೋಲಿನ ಕತ್ತು ಸಿಬಿರೆದ್ದು, ತಿಂಗಳೊಳಗೆ ಎರಡು ಜೊತೆ ಹಾಳಾದವು. ತಲೆಕೆಳಗು ಮಾಡಿದ ಮೇಲೆ ಪೆಟ್ಟು ಬಾಗಿದ ಭಾಗದ ಮೇಲೆ ಬೀಳತೊಡಗಿ, ಕೋಲೂ ಉಳಿಯಿತು, ಲೋಹಕ್ಕೂ ಪೆಟ್ಟು ಕಡಿಮೆಯಾಯಿತು. ಹೊಸಬರಿಗೆ ಲೇಖನವು ಇದನ್ನು ಮೊದಲೇ ತಿಳಿಸಬೇಕಿತ್ತು. ಇನ್ನು ಗಾತ್ರ ಹಿರಿದಾದಷ್ಟೂ ಸ್ವರ ತಗ್ಗುತ್ತದೆ. ಮೆಲ್ಲಗೆ ನುಡಿಸಿದರೆ ದೊಡ್ಡ ಚೀನಾ, ಒಂದೇ ಸಮನೆ ಲಯ ಹಿಡಿದು ನುಡಿಸುವ ರೈಡ್ ಸಿಂಬಲ್‌ನ ಕೆಲಸಕ್ಕೂ ಸೊಗಸಾಗಿ ಒದಗುತ್ತದೆ.